ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ನಾಲ್ಕೂವರೆ ಲಕ್ಷ: ಅಪ್ಪನ ಪಾರ್ಕಿನ್ಸನ್‌ಗೆ ಕೊಡಿಸಬಹುದೇ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 64 ವರ್ಷ, ಎಂಟು ವರ್ಷದಿಂದ ಪಾರ್ಕಿನ್ಸನ್ ಇದೆ. ಸಿಂಡೋಪಾ ಪ್ಲಸ್ ಮಾತ್ರೆ ದಿನಕ್ಕೆ ಮೂರು ಸಲ ತಗೋತಾರೆ. ಮಾತ್ರೆ ಹಿಡಿದಾಗ ಗದ್ದೆ ಬದುವಿನ ಮೇಲೆ ಓಡಾಡುತ್ತಾರೆ, ಮೂರು ಗಂಟೆ ಕಳೆದರೆ ಕೂತಲ್ಲಿಂದ ಏಳೋಕಾಗಲ್ಲ. ಒಂದು ಖಾಸಗಿ ಕೇಂದ್ರದವರು ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ಬೆನ್ನಿಗೆ ಮೂರು ಇಂಜೆಕ್ಷನ್ ಕೊಡುತ್ತೇವೆ, ಒಟ್ಟು ನಾಲ್ಕೂವರೆ ಲಕ್ಷ, ಜಪಾನಿನಲ್ಲಿ ಗೆದ್ದ ಚಿಕಿತ್ಸೆ ಇದು ಅಂತಾರೆ. ಅಲ್ಲಿಗೆ ಹೋಗಿಬಂದ ಒಬ್ಬರಿಗೆ ಗುಣ ಕಂಡಿದೆಯಂತೆ. ಕಬ್ಬಿನ ದುಡ್ಡು ಸ್ವಲ್ಪ ಇದೆ, ಉಳಿದದ್ದಕ್ಕೆ ಸಾಲ ಮಾಡಬೇಕು. ಮಾಡಿಸಬಹುದಾ?

ಉತ್ತರ: ಮಾಡಿಸಬೇಡಿ. ಮುಂಗಡವನ್ನೂ ಕೊಡಬೇಡಿ. ಜಪಾನಿನಲ್ಲಿ ನಡೆದ ಕೆಲಸ ನಿಜ, ಅದು ದೊಡ್ಡ ಕೆಲಸವೂ ಹೌದು. ಆದರೆ ಅಲ್ಲಿ ಬಳಸಿದ ಜೀವಕೋಶಕ್ಕೂ ನಿಮ್ಮ ತಂದೆಯವರ ಬೆನ್ನಿಗೆ ಹಾಕುತ್ತೇವೆ ಎನ್ನುತ್ತಿರುವ ಜೀವಕೋಶಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ. ಈ ವ್ಯತ್ಯಾಸ ಒಮ್ಮೆ ಮನಸ್ಸಿಗೆ ಹತ್ತಿದರೆ, ಮುಂದೆ ಯಾರು ಯಾವ ಹೆಸರಿನಲ್ಲಿ ಬಂದರೂ ಏನು ಕೇಳಬೇಕೆಂದು ನಿಮಗೇ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ನಡುಮಿದುಳಿನಲ್ಲಿ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಬಣ್ಣದ ಸಣ್ಣ ಭಾಗವಿದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ, ಉದ್ದನೆಯ ಎಳೆಗಳ ಮೂಲಕ ಮಿದುಳಿನ ಒಳಭಾಗದ ‘ಪ್ಯುಟಾಮೆನ್’ಗೆ ತಲುಪಿಸುತ್ತವೆ. ಕೈಕಾಲು ಸರಾಗವಾಗಿ ಆಡುವುದು ಇದರಿಂದ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಸಿಂಡೋಪಾದಲ್ಲಿರುವ ಲೆವೊಡೋಪಾ ಮಿದುಳಿಗೆ ಸೇರಿ ಡೋಪಮೈನ್ ಆಗುತ್ತದೆ. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದೂವರೆ ಗಂಟೆ ಸಾಕು. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ನರಕೋಶಗಳು ಅದನ್ನು ಕೂಡಿಟ್ಟುಕೊಂಡು ದಿನವಿಡೀ ನಿಧಾನವಾಗಿ ಬಿಡುತ್ತವೆ. ವರ್ಷ ಕಳೆದಂತೆ ಕೂಡಿಡುವ ಕಣಜವೇ ಬರಿದಾಗುತ್ತದೆ. ನಿಮ್ಮ ತಂದೆಯವರಿಗೆ ಮೂರು ಗಂಟೆಗೆ ಮಾತ್ರೆ ಕೈಕೊಡುವುದು ಇದಕ್ಕೇ.

ಸತ್ತ ಕೋಶಗಳ ಜಾಗಕ್ಕೆ ಹೊಸ ಡೋಪಮೈನ್ ಕೋಶಗಳನ್ನೇ ನೆಡಬಾರದೇ? ಇದು ಹೊಸ ಯೋಚನೆಯಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ಓಲೆ ಲಿಂಡ್ವಾಲ್, ಆಂಡರ್ಸ್ ಬ್ಯೋರ್ಕ್‌ಲುಂಡ್ ಮತ್ತು ಅವರ ಸಂಗಡಿಗರು 1987ರಲ್ಲೇ ಗರ್ಭಪಾತವಾದ ಭ್ರೂಣಗಳ ನಡುಮಿದುಳಿನ ಕೋಶಗಳನ್ನು ರೋಗಿಗಳ ಮಿದುಳಿಗೆ ನೆಟ್ಟಿದ್ದರು. ಕೆಲವರಿಗೆ ಹತ್ತು ವರ್ಷ ದಾಟಿದರೂ ಗುಣ ಉಳಿಯಿತು. ಆಮೇಲೆ ಅಮೆರಿಕದಲ್ಲಿ ಎರಡು ಕಟ್ಟುನಿಟ್ಟಿನ ಪರೀಕ್ಷೆಗಳು ನಡೆದವು. ಒಂದು ಗುಂಪಿನವರಿಗೆ ತಲೆಬುರುಡೆಯಲ್ಲಿ ತೂತು ಮಾಡಿದ ಹಾಗೆ ಮಾಡಿ, ಕೋಶ ಹಾಕದೆ ಮುಚ್ಚಿದರು. ಯಾರಿಗೆ ಏನಾಗಿದೆ ಎಂದು ರೋಗಿಗೂ ಗೊತ್ತಿಲ್ಲ, ಅಳೆಯುವ ವೈದ್ಯರಿಗೂ ಗೊತ್ತಿಲ್ಲ. 2001 ಮತ್ತು 2003ರಲ್ಲಿ ಫಲಿತಾಂಶ ಬಂದಾಗ ಎರಡೂ ತಮ್ಮ ಮುಖ್ಯ ಗುರಿ ಮುಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕಸಿಯಾದವರಲ್ಲಿ ಮೊದಲ ಪರೀಕ್ಷೆಯಲ್ಲಿ ಶೇ 15, ಎರಡನೆಯದರಲ್ಲಿ ಶೇ 56 ಜನರಿಗೆ ಮಾತ್ರೆ ನಿಲ್ಲಿಸಿದಾಗಲೂ ನಿಲ್ಲದ ಅಂಗಚಲನೆ ಶುರುವಾಯಿತು. ನೆಟ್ಟ ಅಂಗಾಂಶದಲ್ಲಿ ಡೋಪಮೈನ್ ಕೋಶಗಳ ಜೊತೆ ಸೆರೊಟೋನಿನ್ ಕೋಶಗಳೂ ಬೆರೆತಿದ್ದವು. ಅವು ಡೋಪಮೈನನ್ನು ಲಂಗುಲಗಾಮಿಲ್ಲದೆ ಬಿಡುತ್ತವೆ ಎಂಬುದು ಈಗಿರುವ ಬಲವಾದ ವಿವರಣೆಗಳಲ್ಲಿ ಒಂದು. ಶುದ್ಧವಾದ, ಎಣಿಸಿ ಕೊಡಬಹುದಾದ, ಪ್ರತಿ ಸಲವೂ ಒಂದೇ ಗುಣಮಟ್ಟದ ಕೋಶ ಬೇಕು ಎಂಬ ಪಾಠ ಕಲಿತದ್ದು ಆಗಲೇ.

ಸ್ಟೆಮ್ ಸೆಲ್, ಕನ್ನಡದಲ್ಲಿ ಆಕರಕೋಶ, ಈ ಕಥೆಗೆ ಬರುವುದು ಇಲ್ಲಿ. ಭ್ರೂಣದ ಮೊದಲ ದಿನಗಳಲ್ಲಿ ಸಿಗುವ ಆಕರಕೋಶ ದೇಹದ ಯಾವ ಕೋಶವಾಗಿಯೂ ಬೆಳೆಯಬಲ್ಲದು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ, ಅದನ್ನು ಅಂಥದ್ದೇ ಮೂಲ ಸ್ಥಿತಿಗೆ ಮರಳಿಸಿದರು. ಅದಕ್ಕೆ ‘ಐಪಿಎಸ್ ಕೋಶ’ ಎನ್ನುತ್ತಾರೆ. 2012ರ ನೊಬೆಲ್ ಅದಕ್ಕೇ ಬಂದದ್ದು. ಆದರೆ ಮೂಲ ಸ್ಥಿತಿಯ ಕೋಶವನ್ನು ಹಾಗೇ ಮಿದುಳಿಗೆ ಹಾಕಿದರೆ ಗೆಡ್ಡೆ ಬೆಳೆಯುತ್ತದೆ. ಪೂರ್ತಿ ಬಲಿತ ನರಕೋಶ ಹಾಕಿದರೆ ಸೂಜಿಯಲ್ಲಿ ಹೋಗುವಾಗಲೇ ಎಳೆಗಳು ಹರಿದು ಸಾಯುತ್ತದೆ. ಒಟ್ಟಲು ಪೈರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೀರ ಎಳೆಯದೂ ಆಗಬಾರದು, ಬಲಿತದ್ದೂ ಆಗಬಾರದು, ನಾಟಿಯ ಹದಕ್ಕೆ ಬಂದಿರಬೇಕು.

ಆ ಹದ ತರುವುದೇ ಪ್ರಯೋಗಾಲಯದ ನಿಜವಾದ ವಿದ್ಯೆ. ಮೊದಲು ಎರಡು ಬಗೆಯ ಸಂಕೇತಗಳನ್ನು ರಾಸಾಯನಿಕಗಳಿಂದ ತಡೆದು ಕೋಶವನ್ನು ನರಕೋಶದ ದಾರಿಗೆ ತಿರುಗಿಸುತ್ತಾರೆ. ಜೊತೆಗೆ ‘ಸೋನಿಕ್ ಹೆಡ್ಜ್‌ಹಾಗ್’ ಎಂಬ ಪ್ರೋಟೀನಿನ ಸಂಕೇತ ಕೊಟ್ಟು ಮಿದುಳಿನ ತಳಭಾಗದ ಗುಣ, ‘ವಿಂಟ್’ ಸಂಕೇತ ಕೊಟ್ಟು ನಡುಮಿದುಳಿನ ಗುಣ ಬರಿಸುತ್ತಾರೆ. ವಿಂಟ್ ಪ್ರಮಾಣ ಸ್ವಲ್ಪ ಕಡಿಮೆಯಾದರೆ ಮುಂಮಿದುಳಿನ ಕೋಶ, ಸ್ವಲ್ಪ ಹೆಚ್ಚಾದರೆ ಹಿಂಮಿದುಳಿನ ಕೋಶ ಬರುತ್ತದೆ. ಮೇಲೆ ಹೇಳಿದ ಸೆರೊಟೋನಿನ್ ಕೋಶಗಳು ಹುಟ್ಟುವುದು ಹಿಂಮಿದುಳಿನಲ್ಲೇ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಜುನ್ ತಕಹಾಶಿ ತಂಡ ಐಪಿಎಸ್ ಕೋಶಗಳಿಂದ ಹೊರಟು, ಹನ್ನೆರಡನೆಯ ದಿನದ ಆಸುಪಾಸಿನಲ್ಲಿ ‘ಕೋರಿನ್’ ಎಂಬ ಗುರುತಿರುವ ಕೋಶಗಳನ್ನು ಮಾತ್ರ ಆರಿಸಿ, ಉಳಿದವನ್ನು ಬಿಸಾಡಿ, ಸುಮಾರು ಮೂವತ್ತನೆಯ ದಿನ ನಾಟಿಗೆ ತೆಗೆಯುತ್ತದೆ. ಅಮೆರಿಕದ ಲೊರೆನ್ಜ್ ಸ್ಟೂಡರ್, ವಿವಿಯನ್ ತಬಾರ್ ಅವರ ವಿಧಾನದಲ್ಲಿ ಭ್ರೂಣದ ಆಕರಕೋಶದಿಂದ ಹದಿನಾರು ದಿನಕ್ಕೆ ಎಳೆ ಕೋಶ ತಯಾರಿಸಿ ಶೈತ್ಯದಲ್ಲಿಟ್ಟಿರುತ್ತಾರೆ.

ನೆಡುವುದು ಮಿದುಳಿನಲ್ಲೇ, ಬೇರೆಲ್ಲೂ ಅಲ್ಲ. ಎಂಆರ್‌ಐ ನೋಡಿ ಲೆಕ್ಕ ಹಾಕಿ, ತಲೆಗೆ ಚೌಕಟ್ಟು ಬಿಗಿದು, ಬುರುಡೆಯಲ್ಲಿ ಸಣ್ಣ ತೂತು ಮಾಡಿ, ತೆಳು ಸೂಜಿಯಲ್ಲಿ ಎರಡೂ ಬದಿಯ ಪ್ಯುಟಾಮೆನ್‌ಗೆ ಹಲವು ಜಾಗಗಳಲ್ಲಿ ಕೋಶ ಬಿಡುತ್ತಾರೆ. ಕೋಶ ಸತ್ತದ್ದು ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ, ನೆಡುವುದು ಪ್ಯುಟಾಮೆನ್‌ನಲ್ಲಿ ಯಾಕೆ? ಬಲಿತ ಮಿದುಳಿನಲ್ಲಿ ಅಷ್ಟು ದೂರ ಹೊಸ ಎಳೆ ಬೆಳೆದು ತಲುಪುವುದು ಕಷ್ಟ. ಹಾಗಾಗಿ ಡೋಪಮೈನ್ ಬೇಕಾದ ಗದ್ದೆಯಲ್ಲೇ ನೆಡುತ್ತಾರೆ. ನೆಟ್ಟ ಕೋಶಗಳಲ್ಲಿ ಬಹುಪಾಲು ಮೊದಲ ದಿನಗಳಲ್ಲೇ ಸಾಯುತ್ತವೆ. ಉಳಿದವು ಬೇರೂರಿ ಕೆಲಸ ಶುರು ಮಾಡಲು ತಿಂಗಳುಗಳು, ಪೂರ್ಣ ಫಲಕ್ಕೆ ವರ್ಷಗಳು ಬೇಕು. ‘ಹದಿನೈದು ದಿನದಲ್ಲಿ ಗುಣ’ ಎಂದು ಯಾರಾದರೂ ಹೇಳಿದರೆ, ಆ ಗುಣ ಹೊಸ ನರಕೋಶದ್ದಲ್ಲ.

ಈಗ ಫಲಿತಾಂಶ. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಬಂದವು. ಕ್ಯೋಟೋದಲ್ಲಿ 50ರಿಂದ 69 ವಯಸ್ಸಿನ ಏಳು ಜನರಿಗೆ ನೆಟ್ಟಿದ್ದರು. ಕಡಿಮೆ ಪ್ರಮಾಣದವರಿಗೆ ಒಂದೊಂದು ಬದಿಗೆ 21ರಿಂದ 26 ಲಕ್ಷ, ಹೆಚ್ಚು ಪ್ರಮಾಣದವರಿಗೆ 53ರಿಂದ 55 ಲಕ್ಷ ಕೋಶ. ಎರಡು ವರ್ಷದಲ್ಲಿ ಗಂಭೀರ ಅಡ್ಡಪರಿಣಾಮವಾಗಲಿ, ಗೆಡ್ಡೆಯಾಗಲಿ ಕಾಣಲಿಲ್ಲ. ಚಲನೆ ಅಳೆದ ಆರು ಜನರಲ್ಲಿ ನಾಲ್ವರಿಗೆ ಮಾತ್ರೆಯಿಲ್ಲದ ಹೊತ್ತಿನ ಸ್ಥಿತಿ ಸುಧಾರಿಸಿತು. ಪೆಟ್ ಸ್ಕ್ಯಾನ್‌ನಲ್ಲಿ ಪ್ಯುಟಾಮೆನ್‌ನ ಡೋಪಮೈನ್ ತಯಾರಿಕೆ ಸರಾಸರಿ ಶೇ 44.7 ಏರಿತ್ತು. ಅಮೆರಿಕ–ಕೆನಡಾ ತಂಡ ಹನ್ನೆರಡು ಜನರಿಗೆ ನೆಟ್ಟಿತ್ತು, ಬದಿಗೆ 9 ಲಕ್ಷ ಅಥವಾ 27 ಲಕ್ಷ ಕೋಶ. ಹದಿನೆಂಟು ತಿಂಗಳಿಗೆ ಹೆಚ್ಚು ಪ್ರಮಾಣದವರಲ್ಲಿ ಚಲನೆಯ ಅಂಕ ಸರಾಸರಿ 23ರಷ್ಟು ಸುಧಾರಿಸಿತು. ಮನೆಯವರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡ ಬದಲಾವಣೆ ಅದು.

ಸಂತೋಷದ ಸುದ್ದಿಯೇ. ಆದರೆ ಎರಡರಲ್ಲೂ ಹೋಲಿಕೆಯ ಗುಂಪು ಇರಲಿಲ್ಲ. ಎಲ್ಲರಿಗೂ ತಮಗೆ ಕೋಶ ನೆಟ್ಟಿದ್ದಾರೆ ಎಂದು ಗೊತ್ತಿತ್ತು. ಪಾರ್ಕಿನ್ಸನ್‌ನಲ್ಲಿ ಇದು ಸಣ್ಣ ಮಾತಲ್ಲ. ಔಷಧಿಯೇ ಇಲ್ಲದ ಇಂಜೆಕ್ಷನ್ ಕೊಟ್ಟಾಗ, ಗುಣವಾಗುತ್ತದೆ ಎಂಬ ನಿರೀಕ್ಷೆಯೊಂದರಿಂದಲೇ ರೋಗಿಯ ಮಿದುಳು ತನ್ನಲ್ಲಿ ಉಳಿದ ಡೋಪಮೈನನ್ನು ಬಿಡುಗಡೆ ಮಾಡುತ್ತದೆ. 2001ರಲ್ಲಿ ಕೆನಡಾದ ಸಂಶೋಧಕರು ಇದನ್ನು ಪೆಟ್ ಸ್ಕ್ಯಾನ್‌ನಲ್ಲೇ ಕಂಡರು. ನೀವು ಬರೆದ ಆ ಒಬ್ಬರಿಗೆ ಕಂಡ ಗುಣ ಸುಳ್ಳೆಂದು ನಾವು ಹೇಳುವುದಿಲ್ಲ. ನಿಜವಾಗಿಯೂ ಕಂಡಿರಬಹುದು. ಅದು ಕೋಶದಿಂದ ಬಂದದ್ದು ಎನ್ನಲು ಮಾತ್ರ ಆಧಾರವಿಲ್ಲ. ಅಂಥ ಕಡೆ ಇಂಜೆಕ್ಷನ್ ಜೊತೆಗೆ ಮಾತ್ರೆಯನ್ನೂ ಹೆಚ್ಚಿಸಿರುತ್ತಾರೆಯೇ, ದಿನವೂ ವ್ಯಾಯಾಮ ಮಾಡಿಸಿರುತ್ತಾರೆಯೇ ಎಂದು ಅವರನ್ನೇ ವಿಚಾರಿಸಿ. ಈ ಗೊಂದಲ ಬಗೆಹರಿಸಲೆಂದೇ ಅಮೆರಿಕದ ತಂಡ ಈಗ ಸುಮಾರು ನೂರು ಜನರಲ್ಲಿ, ಬರಿ ತೂತಿನ ಶಸ್ತ್ರಚಿಕಿತ್ಸೆಯ ಗುಂಪಿನೊಡನೆ ಹೋಲಿಸುವ ಮೂರನೆಯ ಹಂತದ ಪರೀಕ್ಷೆ ನಡೆಸುತ್ತಿದೆ. ಕ್ಯೋಟೋ ವಿಧಾನಕ್ಕೆ ಸುಮಿಟೊಮೊ ಫಾರ್ಮಾ 2025ರ ಆಗಸ್ಟ್‌ನಲ್ಲಿ ಜಪಾನ್ ಸರ್ಕಾರದ ಅನುಮತಿಗೆ ಅರ್ಜಿ ಹಾಕಿತು.

ಇನ್ನು ನಿಮ್ಮ ತಂದೆಯವರಿಗೆ ಹೇಳಿದ ಇಂಜೆಕ್ಷನ್ ನೋಡೋಣ. ಸೊಂಟದ ಮೂಳೆಯ ಮಜ್ಜೆಯಿಂದ ತೆಗೆಯುವುದು ಸಾಮಾನ್ಯವಾಗಿ ‘ಮೆಸೆಂಕೈಮಲ್’ ಕೋಶ. ಅದು ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶವಾಗಬಲ್ಲದು. ಮಿದುಳಿಗೆ ಹೋಗಿ ಡೋಪಮೈನ್ ನರಕೋಶವಾಗಿ ಬೆಳೆಯುವುದಿಲ್ಲ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಟ್ಟರೆ ಅದು ಪ್ಯುಟಾಮೆನ್‌ನ ಒಳಗೆ ಹೋಗಿ ನೆಲೆಯೂರುವುದೂ ಇಲ್ಲ. ಪೈರಿನ ಕಟ್ಟನ್ನು ವಿ.ಸಿ. ನಾಲೆಗೆ ಎಸೆದರೆ ಅದು ತಾನೇ ನಿಮ್ಮ ಗದ್ದೆ ಹುಡುಕಿಕೊಂಡು ನಾಟಿಯಾಗುತ್ತದೆಯೇ? ಕೈಯ ರಕ್ತನಾಳಕ್ಕೆ ಕೊಡುವವರೂ ಇದ್ದಾರೆ. ಈ ಕೋಶಗಳು ಶ್ವಾಸಕೋಶದ ಅತಿಸೂಕ್ಷ್ಮ ರಕ್ತನಾಳಗಳಿಗಿಂತ ದಪ್ಪ, ಹಾಗಾಗಿ ಹೆಚ್ಚಿನವು ಅಲ್ಲೇ ಸಿಕ್ಕಿಕೊಂಡು ಕೆಲವು ದಿನಗಳಲ್ಲಿ ನಾಶವಾಗುತ್ತವೆ. ಈ ಕೋಶಗಳನ್ನು ಮಿದುಳಿನ ಒಳಗೇ ಇಟ್ಟು ನೋಡಿದ್ದೂ ಉಂಟು. ಬೆಂಗಳೂರಿನಲ್ಲೇ ಏಳು ರೋಗಿಗಳ ಮೇಲೆ ಮಾಡಿದ ಅಂಥ ಪ್ರಯತ್ನ 2010ರಲ್ಲಿ ಪ್ರಕಟವಾಯಿತು. ಮೂವರಿಗೆ ಸ್ಥಿರವಾದ ಸುಧಾರಣೆ ಎಂದು ಬರೆದಿದ್ದರು, ಆದರೆ ಹೋಲಿಕೆಯ ಗುಂಪಿಲ್ಲದ್ದರಿಂದ ಅದನ್ನು ನೆಚ್ಚಿ ಚಿಕಿತ್ಸೆ ಮಾರುವಂತಿಲ್ಲ.

ಗುಣವಾಗದಿದ್ದರೆ ದುಡ್ಡು ಹೋಯಿತು ಅಷ್ಟೇ ಎಂದುಕೊಳ್ಳಬೇಡಿ. ಬೆನ್ನಿನ ಇಂಜೆಕ್ಷನ್‌ನಿಂದ ಮಿದುಳು ಪೊರೆಯ ಸೋಂಕು ತಗುಲಬಹುದು. ಪಾರ್ಶ್ವವಾಯುವಿಗೆಂದು ದೇಶದಿಂದ ದೇಶಕ್ಕೆ ಹೋಗಿ ಬೆನ್ನಿಗೆ ಸ್ಟೆಮ್ ಸೆಲ್ ಹಾಕಿಸಿಕೊಂಡ ಒಬ್ಬ ಅಮೆರಿಕನ್ ರೋಗಿಯ ಬೆನ್ನುಹುರಿಯಲ್ಲಿ ಬೇರೆಯವರ ಕೋಶಗಳು ಗೆಡ್ಡೆಯಾಗಿ ಬೆಳೆದದ್ದು 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಹಿಂದೆ ಯಾವುದಾದರೂ ಕೋಶ ಚಿಕಿತ್ಸೆ ಆಗಿದ್ದವರನ್ನು ಸರಿಯಾದ ಪರೀಕ್ಷೆಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ನಾಳೆ ನಿಜವಾದ ಬಾಗಿಲು ತೆರೆದಾಗ ಇಂದಿನ ಇಂಜೆಕ್ಷನ್ ಅದನ್ನು ಮುಚ್ಚಿಬಿಡಬಹುದು.

ಕಾನೂನಿನ ಮಾತು ಚಿಕ್ಕದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಂಥ ಒಪ್ಪಿತ ಕಾರಣಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪರೀಕ್ಷೆಯೊಳಗೆ ಮಾತ್ರ ನಡೆಯಬೇಕು, ಪರೀಕ್ಷೆಗೆ ಒಳಗಾಗುವವರಿಂದ ಅದಕ್ಕೆ ಹಣ ಪಡೆಯುವಂತಿಲ್ಲ. ಹಾಗಾಗಿ ಆ ಕೇಂದ್ರದವರನ್ನು ಬರವಣಿಗೆಯಲ್ಲಿ ಕೇಳಿ: ಯಾವ ಕೋಶ, ಎಷ್ಟು ಲಕ್ಷ, ಮಿದುಳಿನ ಯಾವ ಜಾಗಕ್ಕೆ, ಸಿಟಿಆರ್‌ಐ (ದೇಶದ ಚಿಕಿತ್ಸಾ ಪರೀಕ್ಷೆಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಏನು, ಔಷಧ ಮಹಾನಿಯಂತ್ರಕರ ಅನುಮತಿ ಪತ್ರ ಎಲ್ಲಿ? ಸಿಟಿಆರ್‌ಐ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಪರೀಕ್ಷೆಯ ವಿವರ ಸಿಗುತ್ತದೆ. ಕಾಯಿಲೆಯ ಹೆಸರು ಪಾರ್ಕಿನ್ಸನ್ ಎಂದೇ ಇದೆಯೇ, ಆ ಕೇಂದ್ರದ ವಿಳಾಸ ಪಟ್ಟಿಯಲ್ಲಿದೆಯೇ, ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ನೋಂದಣಿ ಬೇರೆ, ಅನುಮತಿ ಬೇರೆ. ಮಂಡಿನೋವಿಗೆ ನೋಂದಾಯಿಸಿದ ಸಂಖ್ಯೆ ತೋರಿಸಿದರೆ ಒಪ್ಪಬೇಡಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ ರಸೀದಿಯೊಂದಿಗೆ ಖಾಸಗಿ ಆಸ್ಪತ್ರೆಗಳ ಮೇಲೆ ನಿಗಾ ಇಡುವ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೂ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು.

ಸರಿಯಾದ ಪರೀಕ್ಷೆಗೆ ಎಂದಾದರೂ ಸೇರುವ ಅವಕಾಶ ಬಂದರೆ ಒಂದು ಅಂದಾಜು ಇರಲಿ. ಮಾತ್ರೆ ಹಿಡಿದಾಗ ಯಾವ ತೊಂದರೆ ಸರಿಯಾಗುತ್ತದೋ ಅದಕ್ಕೇ ಕಸಿಯೂ ನೆರವಾಗುವ ಸಾಧ್ಯತೆ. ಮಾತ್ರೆ ಹಿಡಿದಾಗಲೂ ಬೀಳುವುದು, ಮರೆವು, ಮಲಬದ್ಧತೆ, ಎದ್ದಾಗ ಬಿ.ಪಿ. ಇಳಿಯುವುದು, ಇವಕ್ಕೆ ಡೋಪಮೈನ್ ಕೋಶ ಮದ್ದಲ್ಲ. ಬೇರೆಯವರ ಕೋಶ ನೆಟ್ಟರೆ ಟ್ಯಾಕ್ರೋಲಿಮಸ್‌ನಂಥ ರೋಗನಿರೋಧ ತಗ್ಗಿಸುವ ಔಷಧಿ ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ (ಕ್ಯೋಟೋದಲ್ಲಿ 15 ತಿಂಗಳು). ಅದರಿಂದ ಮೂತ್ರಪಿಂಡಕ್ಕೆ ಹೊರೆ, ಸಕ್ಕರೆ ಏರಿಕೆ. ಹಿಂದೆ ಕ್ಷಯ ಬಂದುಹೋದವರಲ್ಲಿ ಅದು ಮತ್ತೆ ತಲೆಯೆತ್ತುವ ಭಯವೂ ಉಂಟು.

ನಿಮ್ಮ ಪತ್ರದಲ್ಲಿ ನಮಗೆ ಹೆಚ್ಚು ಮುಖ್ಯವಾಗಿ ಕಂಡದ್ದು ದಿನಕ್ಕೆ ಮೂರೇ ಮಾತ್ರೆ ಎಂಬುದು. ಎಂಟು ವರ್ಷದ ಕಾಯಿಲೆ, ಮೂರು ಗಂಟೆಗೆ ಇಳಿಯುವ ಪರಿಣಾಮ. ಮಾತ್ರೆಗಳ ನಡುವೆ ಐದಾರು ಗಂಟೆ ಬಿಟ್ಟರೆ ಅರ್ಧ ದಿನ ಮಾತ್ರೆಯಿಲ್ಲದೇ ಕಳೆದಂತೆ. ಇಲ್ಲಿ ಇನ್ನೂ ಮಾಡಲು ಬಹಳ ಇದೆ. ಮೂರು ದಿನ ಒಂದು ನೋಟ್‌ಬುಕ್‌ನಲ್ಲಿ ಗಂಟೆಗೊಮ್ಮೆ ಬರೆಯಿರಿ: ಮಾತ್ರೆ ಹಿಡಿದಿದೆ, ಹಿಡಿದಿಲ್ಲ, ಮೈ ಅತಿಯಾಗಿ ಆಡುತ್ತಿದೆ, ನಿದ್ದೆ. ಮಾತ್ರೆಯ ಹೊತ್ತು, ಊಟದ ಹೊತ್ತನ್ನೂ ಅದರಲ್ಲೇ ಗುರುತಿಸಿ. ಏಳಲಾಗದ ಹೊತ್ತಿನದೊಂದು, ಚೆನ್ನಾಗಿರುವ ಹೊತ್ತಿನದೊಂದು ಮೊಬೈಲ್ ವಿಡಿಯೋ ಮಾಡಿಕೊಳ್ಳಿ. ಇವನ್ನು ಹಿಡಿದು ನರರೋಗ ತಜ್ಞರ ಬಳಿ ಹೋಗಿ; ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಲನೆಯ ಕಾಯಿಲೆಗಳಿಗೇ ಪರಿಣತರ ತಂಡವಿದೆ. ಅವರು ಮಾತ್ರೆಯನ್ನು ನಾಲ್ಕೈದು ಹೊತ್ತಿಗೆ ಹಂಚಬಹುದು, ಪರಿಣಾಮ ಉದ್ದವಾಗಲು ಎಂಟಾಕಪೋನ್ 200 ಮಿ.ಗ್ರಾಂ ಪ್ರತಿ ಮಾತ್ರೆಯ ಜೊತೆ (ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ) ಅಥವಾ ರಸಾಜಿಲಿನ್ ಸೇರಿಸಬಹುದು. ಮಾತ್ರೆಗೆ ಚೆನ್ನಾಗಿ ಸ್ಪಂದಿಸುವ, ಮರೆವಿಲ್ಲದ 64ರ ವ್ಯಕ್ತಿಗೆ ಮಿದುಳಿನಲ್ಲಿ ವಿದ್ಯುತ್ ತಂತಿ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಹೊಂದುತ್ತದೆಯೇ ಎಂದೂ ಕೇಳಿ. ಅದು ಹೋಲಿಕೆಯ ಪರೀಕ್ಷೆಗಳಲ್ಲಿ ಗೆದ್ದು ಬಂದ ಚಿಕಿತ್ಸೆ. ದುಬಾರಿ, ನಿಜ. ಆದರೆ ಸಾಲ ಮಾಡಲೇಬೇಕಾದರೆ ಯಾವುದಕ್ಕೆ ಎಂಬ ಪ್ರಶ್ನೆ ಬಂದಾಗ ಇದನ್ನು ಮೊದಲು ವಿಚಾರಿಸಬೇಕು. ಯಾವ ಬದಲಾವಣೆಯನ್ನೂ ನೀವೇ ಮಾಡಬೇಡಿ, ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಲೂಬೇಡಿ. ಮೈ ಬಿಗಿದು, ಜ್ವರ ಏರಿ, ಜೀವಕ್ಕೇ ಅಪಾಯವಾದದ್ದುಂಟು.

ಮನೆಯಲ್ಲೇ ಆಗುವುದು ಊಟದ ಹೊತ್ತಿನ ಹೊಂದಾಣಿಕೆ. ಲೆವೊಡೋಪಾ ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮಿದುಳಿಗೂ ದಾಟುವ ಬಾಗಿಲಲ್ಲಿ ಪ್ರೋಟೀನಿನ ತುಣುಕುಗಳೂ ಸಾಲು ನಿಂತಿರುತ್ತವೆ. ಹುರುಳಿ ಸಾರು, ಅವರೆಕಾಳು, ಮೊಟ್ಟೆ, ಬಾಡೂಟದ ಜೊತೆ ಮಾತ್ರೆ ನುಂಗಿದರೆ ಅದು ಹಿಡಿಯದೇ ಹೋಗಬಹುದು. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಒಂದು ಲೋಟ ನೀರಿನಲ್ಲಿ ಮಾತ್ರೆ ಕೊಡಿ, ಹಾಲಿನಲ್ಲಿ ಬೇಡ. ಕಾಳು, ಮಾಂಸವನ್ನು ರಾತ್ರಿ ಊಟಕ್ಕೆ ತಳ್ಳಿ, ಪೂರ್ತಿ ಬಿಡಿಸಬೇಡಿ. ತೂಕ ಇಳಿದರೆ ಇನ್ನೊಂದು ಕಷ್ಟ. ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇರಲಿ. ವಾಂತಿಗೆ ಮೆಟೊಕ್ಲೊಪ್ರಮೈಡ್ (ಪೆರಿನಾರ್ಮ್), ತಲೆಸುತ್ತಿಗೆ ಪ್ರೊಕ್ಲೋರ್‌ಪೆರಜಿನ್ (ಸ್ಟೆಮೆಟಿಲ್) ಅಥವಾ ಸಿನ್ನರಿಜಿನ್ ಎಲ್ಲಾದರೂ ಬರೆದುಕೊಟ್ಟರೆ ಪಾರ್ಕಿನ್ಸನ್ ಇದೆ ಎಂದು ಹೇಳಿ; ಅವು ಡೋಪಮೈನನ್ನೇ ತಡೆದು ಕಾಯಿಲೆ ಹೆಚ್ಚಿಸುತ್ತವೆ. ನಸುಗುನ್ನಿ ಬೀಜದ ಪುಡಿಯಲ್ಲೂ ಲೆವೊಡೋಪಾ ಇದೆ, ಎಷ್ಟಿದೆ ಎಂಬುದು ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಬೇರೆ. ವೈದ್ಯರಿಗೆ ಹೇಳದೆ ಸಿಂಡೋಪಾ ಜೊತೆ ಅದನ್ನು ಸೇರಿಸಬೇಡಿ.

ಕಡೆಯದಾಗಿ ಮುದ್ದೆ. ಅದು ಅಗಿಯದೆ ನುಂಗುವ ಊಟ. ಪಾರ್ಕಿನ್ಸನ್ ಮುಂದುವರಿದಂತೆ ಗಂಟಲಿನ ಸ್ನಾಯುಗಳೂ ನಿಧಾನವಾಗುತ್ತವೆ. ತುತ್ತು ಸಿಕ್ಕಿಕೊಳ್ಳುವುದು, ಸಾರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವುದು ಈ ಕಾಯಿಲೆಯವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು. ಊಟದಲ್ಲಿ ಕೆಮ್ಮು, ಊಟವಾದ ಮೇಲೆ ದನಿ ಗೊರಗೊರ ಎನ್ನುವುದು, ಒಂದು ಮುದ್ದೆಗೆ ಮುಕ್ಕಾಲು ಗಂಟೆ ಹಿಡಿಯುವುದು, ಇವುಗಳಲ್ಲಿ ಯಾವುದಾದರೂ ಇದೆಯೇ ಗಮನಿಸಿ. ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವಿಕೆಯ ಪರೀಕ್ಷೆ ಮಾಡಿಸಿ. ತಗ್ಗಿದ ದನಿಗೂ ಅಲ್ಲಿ ತರಬೇತಿ ಸಿಗುತ್ತದೆ. ಅಲ್ಲಿಯವರೆಗೆ ಮಾತ್ರೆ ಹಿಡಿದಿರುವ ಹೊತ್ತಿಗೇ ಊಟ ಬರುವಂತೆ ನೋಡಿಕೊಳ್ಳಿ, ಮುದ್ದೆಯನ್ನು ಮೆತ್ತಗೆ ತೊಳಸಿ ಸಣ್ಣ ತುತ್ತು ಮಾಡಿ, ನೆಟ್ಟಗೆ ಕೂರಿಸಿ, ಒಂದು ತುತ್ತು ಪೂರ್ತಿ ಇಳಿದ ಮೇಲೆಯೇ ಮುಂದಿನದು ಕೊಡಿ, ಊಟವಾದ ಅರ್ಧ ಗಂಟೆ ಮಲಗಲು ಬಿಡಬೇಡಿ.